ಹದಿನೆಂಟು ಮಕ್ಕಳು, ಒಂದು ಸೀಟಿ

ಪ್ರಶ್ನೆ: ನಾವು ಇರುವುದು ಟೆಕ್ಸಸ್‌ನ ಡಲ್ಲಾಸ್ ಪಕ್ಕದ ಊರಿನಲ್ಲಿ. ಮಗನಿಗೆ 7 ವರ್ಷ. ಗೆಳೆಯರೆಲ್ಲ ಸೇರಿದ್ದಾರೆಂದು ಹಠ ಹಿಡಿದು ಟ್ಯಾಕಲ್ ಫುಟ್‌ಬಾಲ್, ಅಂದರೆ ಚೆಂಡು ಹಿಡಿದು ಓಡುವವನನ್ನು ಹಿಡಿದು ನೆಲಕ್ಕೆ ಕೆಡವುವ ಅಮೆರಿಕನ್ ಫುಟ್‌ಬಾಲ್, ತಂಡಕ್ಕೆ ಸೇರಿಕೊಂಡ. ಕೋಚ್ ಆಗಬೇಕಿದ್ದವರು ಬೇರೆ ರಾಜ್ಯಕ್ಕೆ ಹೋದರು. ಲೀಗ್‌ನವರು ನನ್ನನ್ನು ಕೇಳಿದಾಗ ಯಾವ ಧೈರ್ಯದಲ್ಲೋ ಹೂಂ ಅಂದುಬಿಟ್ಟೆ. ನಾನು ಹಾಸನದ ಕಡೆಯವನು, ಕಾಲೇಜಿನಲ್ಲಿ ಕಬಡ್ಡಿ ಆಡಿದವನು. ಅಮೆರಿಕನ್ ಫುಟ್‌ಬಾಲ್ ನೋಡಿದ್ದು ಟೀವಿಯಲ್ಲಷ್ಟೇ. ಹದಿನೆಂಟು ಮಕ್ಕಳಿದ್ದಾರೆ, ಇನ್ನು ಮೂರು ವಾರಕ್ಕೆ ಅಭ್ಯಾಸ ಶುರು. ಎಲ್ಲಿಂದ ಹಿಡಿಯಲಿ? ಹೆಂಡತಿಗೆ ತಲೆಪೆಟ್ಟಿನದೇ ಚಿಂತೆ.

ಉತ್ತರ: ನಿಮ್ಮ ಹೆಂಡತಿಯ ಚಿಂತೆಯಿಂದಲೇ ಹಿಡಿಯೋಣ. ನೀವು ಕೇಳಿದ ಬೇರೆಲ್ಲದಕ್ಕೂ ಉತ್ತರ ಅಲ್ಲೇ ಇದೆ.

2021ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, 6ರಿಂದ 14 ವರ್ಷದ ಮಕ್ಕಳ ಮೌತ್‌ಗಾರ್ಡ್‌ನಲ್ಲಿ ಸಂವೇದಕ ಇಟ್ಟು ತಲೆಗೆ ಬೀಳುವ ಹೊಡೆತ ಎಣಿಸಿದ ಅಧ್ಯಯನವೊಂದನ್ನು ಪ್ರಕಟಿಸಿತು. ಕೆಡವುವ ಬದಲು ಸೊಂಟದ ಪಟ್ಟಿ ಕೀಳುವ ಫ್ಲ್ಯಾಗ್ ಫುಟ್‌ಬಾಲ್ ಆಡುವ ಮಗುವಿಗೆ ಇಡೀ ಋತುವಿನಲ್ಲಿ ಸಾಮಾನ್ಯವಾಗಿ 8 ಹೊಡೆತ. ಟ್ಯಾಕಲ್ ಆಡುವ ಮಗುವಿಗೆ 378. ನಿಮಗೆ ಹೆದರಿಕೆ ಹುಟ್ಟಿಸಲು ಇದನ್ನು ಬರೆಯುತ್ತಿಲ್ಲ. ಮುಚ್ಚಿಟ್ಟು ಬರೆದರೆ ಮುಂದಿನ ಮಾತಿಗೆ ಬೆಲೆ ಇರುವುದಿಲ್ಲ, ಅಷ್ಟೇ. ನನ್ನ ಮಗನನ್ನು ನಾನು 11 ತುಂಬುವವರೆಗೆ ಫ್ಲ್ಯಾಗ್‌ನಲ್ಲೇ ಇಟ್ಟಿದ್ದೆ. ಈಗ ಕೇಳಿದರೂ ಹಾಗೇ ಮಾಡಿ ಎನ್ನುತ್ತೇನೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಹೋಗುತ್ತಿರುವುದೂ ಫ್ಲ್ಯಾಗೇ. ಆದರೆ ನೀವು ಕೇಳಿದ್ದು ಅದಲ್ಲ. ನೀವು ಬಿಟ್ಟರೂ ಆ ಹದಿನೆಂಟು ಮಕ್ಕಳು ಆಡುತ್ತಾರೆ, ಸೀಟಿ ಮಾತ್ರ ಇನ್ನೊಬ್ಬರ ಕೈಗೆ ಹೋಗುತ್ತದೆ. ಆ ಇನ್ನೊಬ್ಬರು ಯಾರೆಂದು ಗೊತ್ತಿಲ್ಲದಿರುವಾಗ ನೀವೇ ಇರುವುದು ವಾಸಿ.

ಇನ್ನೊಂದು ಅಧ್ಯಯನ ಇದಕ್ಕಿಂತ ಹಳೆಯದು, ಚಿಕ್ಕದು, ಆದರೆ ನಿಮ್ಮ ಪಾಲಿಗೆ ಇದಕ್ಕಿಂತ ಮುಖ್ಯವಾದದ್ದು. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ತಂಡ 7-8 ವರ್ಷದ ಏಳು ಹುಡುಗರ ಹೆಲ್ಮೆಟ್ಟಿಗೆ ಸಂವೇದಕ ಕೂರಿಸಿ ಇಡೀ ಋತು ಅಳೆಯಿತು. 2012ರಲ್ಲಿ ಬಂದ ಫಲಿತಾಂಶ ನೋಡಿ ಜನ ಬೆಚ್ಚಿದರು. ಅತಿ ಜೋರಾದ ಹೊಡೆತಗಳಲ್ಲಿ ಹೆಚ್ಚಿನವು ಬಿದ್ದದ್ದು ಶನಿವಾರದ ಪಂದ್ಯದಲ್ಲಲ್ಲ, ವಾರದ ಅಭ್ಯಾಸದಲ್ಲಿ. ಎದುರಾಳಿ ತಂಡದಿಂದಲ್ಲ, ಸ್ವಂತ ತಂಡದವರಿಂದ, ಕೋಚ್ ಹೇಳಿ ಮಾಡಿಸಿದ ಡ್ರಿಲ್‌ಗಳಲ್ಲಿ.

ಇದನ್ನು ಎರಡು ಸಲ ಓದಿಕೊಳ್ಳಿ. ಪಂದ್ಯ ನಿಮ್ಮ ಹಿಡಿತದಲ್ಲಿಲ್ಲ. ಅಭ್ಯಾಸ ಪೂರ್ತಿ ನಿಮ್ಮ ಹಿಡಿತದಲ್ಲಿದೆ. ಹಾಗಾಗಿ ಮೊದಲು ನಿರ್ಧರಿಸಬೇಕಾದದ್ದು ಯಾವ ಆಟ ಕಲಿಸಲಿ ಎಂದಲ್ಲ, ವಾರಕ್ಕೆ ಎಷ್ಟು ನಿಮಿಷ ಮಕ್ಕಳು ಮಕ್ಕಳಿಗೆ ಡಿಕ್ಕಿ ಹೊಡೆಯಲಿ ಎಂದು.

ಮಕ್ಕಳ ಫುಟ್‌ಬಾಲಿನಲ್ಲಿ ಎಲ್ಲರಿಗಿಂತ ಹಳಬರು ಪಾಪ್ ವಾರ್ನರ್‌ನವರು. 1929ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದ ಸಂಸ್ಥೆ. ಅವರು 2012ರಲ್ಲಿ ಅಭ್ಯಾಸದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಡಿಕ್ಕಿ ಕೂಡದೆಂದರು, 2016ರಲ್ಲಿ ಅದನ್ನು ಕಾಲುಭಾಗಕ್ಕೆ ಇಳಿಸಿದರು. ಮೂರು ಗಜಕ್ಕಿಂತ ದೂರದಿಂದ ಇಬ್ಬರು ಓಡಿಬಂದು ಎದುರೆದುರು ಗುದ್ದುವ ಡ್ರಿಲ್ಲನ್ನೂ ನಿಲ್ಲಿಸಿದರು. ಚಿಕ್ಕ ವಯಸ್ಸಿನ ಮೂರು ವಿಭಾಗಗಳಲ್ಲಿ 2016ರಿಂದ ಕಿಕಾಫ್ (ಚೆಂಡನ್ನು ದೂರಕ್ಕೆ ಒದ್ದು, ಎರಡೂ ತಂಡ ಎದುರೆದುರು ಓಡಿಬಂದು ಆಟ ಶುರುಮಾಡುವುದು) ಇಲ್ಲ. 2019ರಿಂದ ಒಂದು ಕೈ ನೆಲಕ್ಕೂರಿ ಬಗ್ಗಿ ನಿಲ್ಲುವ ಭಂಗಿಯೂ ಇಲ್ಲ, ಯಾಕೆಂದರೆ ಹಾಗೆ ನಿಂತವನ ದೇಹದಲ್ಲಿ ಮುಂದಕ್ಕೆ ಹೊರಡುವ ಮೊದಲ ಅಂಗ ತಲೆ. ನಿಮ್ಮ ಲೀಗ್ ಪಾಪ್ ವಾರ್ನರ್‌ಗೆ ಸೇರಿರಲಿಕ್ಕಿಲ್ಲ, ನಿಯಮಪುಸ್ತಕ ಬೇರೆ ಇದ್ದೀತು. ಇದ್ದರೂ ಈ ನಿಯಮಗಳನ್ನು ನಿಮ್ಮ ತಂಡಕ್ಕೆ ನೀವೇ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ನಾನಂತೂ ಕಾಲುಭಾಗವೂ ಜಾಸ್ತಿ ಎನ್ನುತ್ತೇನೆ. 80 ನಿಮಿಷದ ಅಭ್ಯಾಸದಲ್ಲಿ 10 ನಿಮಿಷ ಸಾಕು, ಅದೂ ವಾರದಲ್ಲಿ ಎರಡು ದಿನ.

ಹಾಗಾದರೆ ಟ್ಯಾಕಲ್ ಕಲಿಸುವುದು ಹೇಗೆ? ನಿಮ್ಮ ಕಬಡ್ಡಿ ಬರುವುದೇ ಇಲ್ಲಿ. ಅರ್ಧ ವರ, ಅರ್ಧ ಶಾಪವಾಗಿ ಬರುತ್ತದೆ.

ವರ ಇದು: ಓಡುತ್ತಿರುವವನನ್ನು ಹಿಡಿಯುವುದು ಬಲದ ಮಾತಲ್ಲ, ಎಲ್ಲಿ ಹೋಗಿ ನಿಲ್ಲುತ್ತೀರಿ ಎಂಬುದರ ಮಾತು ಅಂತ ನಿಮ್ಮ ಕಾಲಿಗೆ ಗೊತ್ತು. ರೈಡರ್ ಯಾವ ಕಡೆ ಜಾರುತ್ತಾನೆಂದು ಅವನ ಸೊಂಟ ನೋಡಿ ಹೇಳುತ್ತಿದ್ದಿರಲ್ಲ, ಇಲ್ಲೂ ಅದೇ. ಕಣ್ಣು ಮೋಸ ಮಾಡುತ್ತದೆ, ಭುಜ ಮೋಸ ಮಾಡುತ್ತದೆ, ಸೊಂಟ ಮಾಡುವುದಿಲ್ಲ. ತೊಡೆಗೆ ಹಾಕುವ ಹಿಡಿತವೂ ಇಲ್ಲಿ ಹೆಚ್ಚುಕಡಿಮೆ ಅದೇ: ಭುಜ ತೊಡೆಗೆ ಒತ್ತಿ, ಎರಡೂ ಕೈ ಸುತ್ತಿ ಬಿಗಿದು, ಕಾಲು ನಿಲ್ಲಿಸದೆ ತಳ್ಳುವುದು.

ಶಾಪ ಎಂದರೆ ಪಾದಕ್ಕೆ ಎಗರುವುದು. ಕಬಡ್ಡಿಯಲ್ಲಿ ಪಾದ ಹಿಡಿಯಲು ತಲೆ ತಗ್ಗಿಸಿ ನುಗ್ಗುತ್ತೇವೆ. ಮೊಣಕಾಲು ಮುಖಕ್ಕೆ ಬಡಿದ ನೆನಪು ನಿಮಗೂ ಇರಬೇಕು. ಹೆಲ್ಮೆಟ್ ಹಾಕಿದ 7 ವರ್ಷದ ಹುಡುಗನಿಗೆ ಅದನ್ನು ತಪ್ಪಿಯೂ ತೋರಿಸಬೇಡಿ. ಆ ವಯಸ್ಸಿನಲ್ಲಿ ದೇಹದ ಅಳತೆಗೆ ತಲೆ ದೊಡ್ಡದು, ಕುತ್ತಿಗೆ ಬಳ್ಳಿ. ಅದರ ಮೇಲೆ ಹೆಲ್ಮೆಟ್ಟಿನ ಭಾರ. ನೆತ್ತಿ ಮುಂದಾಗಿ ಡಿಕ್ಕಿ ಹೊಡೆದರೆ ಬಲವೆಲ್ಲ ಬಾಗಿದ ಕುತ್ತಿಗೆಯ ಮೂಳೆಗೇ ಇಳಿಯುತ್ತದೆ. ಬರೀ ಕನ್ಕಷನ್ (ಮಿದುಳು ಅಲುಗಿ ಆಗುವ ಪೆಟ್ಟು) ಅಲ್ಲ, ಬೆನ್ನುಹುರಿಯ ಮಾತು ಅದು. ನಮ್ಮ ತಂಡದಲ್ಲಿ ಇದೊಂದಕ್ಕೇ ರಾಜಿ ಇರಲಿಲ್ಲ: ತಲೆ ತಗ್ಗಿದರೆ ಸೀಟಿ, ಡ್ರಿಲ್ ಅಲ್ಲಿಗೇ ನಿಂತಿತು. ಬೈಗುಳ ಇಲ್ಲ. ‘ಆಕಾಶ ಕಾಣಿಸಿತಾ?’ ಎಂದು ಕೇಳುತ್ತಿದ್ದೆ. ಇಲ್ಲ ಎಂದರೆ ನಡೆದುಕೊಂಡು ಮತ್ತೊಮ್ಮೆ.

2014ರಲ್ಲಿ ಸಿಯಾಟಲ್ ಸೀಹಾಕ್ಸ್ ಎಂಬ ವೃತ್ತಿಪರ ತಂಡದ ಕೋಚ್ ಪೀಟ್ ಕ್ಯಾರೊಲ್ ರಗ್ಬಿಯಿಂದ ಎರವಲು ತಂದ ಭುಜದ ಟ್ಯಾಕಲನ್ನು ವಿಡಿಯೋ ಮಾಡಿ ಎಲ್ಲರಿಗೂ ಹಂಚಿದರು. ರಗ್ಬಿಯವರಿಗೆ ಗಟ್ಟಿ ಹೆಲ್ಮೆಟ್ ಇಲ್ಲ. ಹಾಗಾಗಿ ತಲೆಯನ್ನು ಪಕ್ಕಕ್ಕೆ ಇಡುವುದು ಅವರಿಗೆ ಪಾಠವಲ್ಲ, ಬದುಕು. ಚಿಕ್ಕವರಿಗೂ ಅದೇ ವಿಧಾನ ಒಗ್ಗುತ್ತದೆ. ಹತ್ತಿರದ ಕಾಲು, ಅದೇ ಕಡೆಯ ಭುಜ, ತಲೆ ಪಕ್ಕಕ್ಕೆ, ಕಣ್ಣು ಮೇಲೆ, ಕೈ ಸುತ್ತು.

ಕಲಿಸುವ ಕ್ರಮ ನಿಧಾನದ್ದು. ಮೊದಲ ವಾರ ಯಾರೂ ಯಾರನ್ನೂ ಬೀಳಿಸುವಂತಿಲ್ಲ, ಮುಟ್ಟಾಟ ಮಾತ್ರ. ನಗಬೇಡಿ. ಹತ್ತು ಗಜದ ಚೌಕದಲ್ಲಿ ಒಬ್ಬ ಓಡುತ್ತಾನೆ, ಇನ್ನೊಬ್ಬ ಎರಡೂ ಕೈಯಿಂದ ಅವನ ಸೊಂಟ ಮುಟ್ಟಬೇಕು. ಈ ವಯಸ್ಸಿನಲ್ಲಿ ತಪ್ಪಿಹೋಗುವ ಟ್ಯಾಕಲ್‌ಗಳಲ್ಲಿ ಬಹುಪಾಲು ಕೈ ಜಾರಿ ತಪ್ಪುವುದಿಲ್ಲ. ಹಿಡಿಯುವವನು ಹತ್ತಿರವೇ ಹೋಗಿರುವುದಿಲ್ಲ, ಇಲ್ಲವೇ ಬಾಣದಂತೆ ದಾಟಿ ಹೋಗಿರುತ್ತಾನೆ. ಅದನ್ನು ಸರಿಪಡಿಸುವುದು ಮುಟ್ಟಾಟವೇ. ಜತೆಗೆ ಬೀಳುವುದನ್ನು ಕಲಿಸಿ: ಮಂಡಿಯೂರಿ ಕೂತು ಪಕ್ಕಕ್ಕೆ ಉರುಳುವುದು, ಗದ್ದ ಎದೆಗೆ, ಕೈ ಚಾಚುವಂತಿಲ್ಲ. ಬೀಳಲು ಹೆದರದ ಮಗು ಟ್ಯಾಕಲಿಗೂ ಹೆದರುವುದಿಲ್ಲ.

ಎರಡನೇ ವಾರ ಮಂಡಿಯ ಮೇಲಿಂದ, ಆಮೇಲೆ ನಡೆದುಕೊಂಡು, ಆಮೇಲೆ ಮೆತ್ತನೆಯ ದಿಂಬಿಗೆ. ಯುಎಸ್ಎ ಫುಟ್‌ಬಾಲ್ ಸಂಸ್ಥೆ ಡಿಕ್ಕಿಯನ್ನು ಐದು ಮೆಟ್ಟಿಲು ಮಾಡಿದೆ: ಏರ್ (ಗಾಳಿಗೆ), ಬ್ಯಾಗ್ಸ್ (ದಿಂಬಿಗೆ), ಕಂಟ್ರೋಲ್ (ಯಾರು ಗೆಲ್ಲಬೇಕೆಂದು ಮೊದಲೇ ಗೊತ್ತುಮಾಡಿ), ಥಡ್, ಲೈವ್. ಎದುರಿಗೆ ಯಾರೂ ಇಲ್ಲದಿರುವುದರಿಂದ ಹಿಡಿದು ಪಂದ್ಯದಂತೆ ನೆಲಕ್ಕೆ ಕೆಡವುವವರೆಗೆ. ಥಡ್ ಅಂದರೆ ಭುಜ ತಾಗಿತು, ಕೈ ಸುತ್ತಿತು, ಅಷ್ಟಕ್ಕೇ ಸೀಟಿ, ಯಾರೂ ಬೀಳುವುದಿಲ್ಲ. ನಿಮ್ಮ ಅಭ್ಯಾಸ ಮೊದಲ ಮೂರು ಮೆಟ್ಟಿಲಲ್ಲೇ ಇರಲಿ, ಆಗಾಗ ಥಡ್. ಪೂರ್ತಿ ಲೈವ್ ಪಂದ್ಯದಲ್ಲಿ ಹೇಗೂ ಸಿಗುತ್ತದೆ. ಜೋಡಿ ಮಾಡುವಾಗ ತೂಕ ನೋಡಿ, ಧೈರ್ಯವನ್ನೂ ನೋಡಿ. 22 ಕಿಲೋದ ಪುಕ್ಕಲನನ್ನು 34 ಕಿಲೋದ ಪುಂಡನೆದುರು ನಿಲ್ಲಿಸಿದರೆ ಒಂದೇ ಸಂಜೆಗೆ ಒಬ್ಬ ಆಟಗಾರ ಕಡಿಮೆಯಾಗುತ್ತಾನೆ.

ಈಗ ಅಪ್ಪಂದಿರ ವಿಷಯ. ಹೈಸ್ಕೂಲಿನಲ್ಲಿ ಆಡಿದ್ದೆ ಎನ್ನುವ ಒಬ್ಬರು ನಿಮ್ಮ ತಂಡದಲ್ಲೂ ಖಂಡಿತ ಇರುತ್ತಾರೆ. ಬೇಲಿಗೆ ಒರಗಿ ನಿಂತು ‘ಇದೇನು ಮುಟ್ಟಾಟ, ಒಕ್ಲಹೋಮಾ ಮಾಡಿಸಿ, ಹುಡುಗರು ಗಟ್ಟಿಯಾಗಲಿ’ ಎನ್ನುತ್ತಾರೆ. ಒಕ್ಲಹೋಮಾ ಎಂದರೆ ಕಿರಿದಾದ ಓಣಿಯಲ್ಲಿ ಇಬ್ಬರನ್ನು ಎದುರುಬದುರು ನಿಲ್ಲಿಸಿ ಗುದ್ದಿಸುವ ಹಳೆಯ ಡ್ರಿಲ್. ಉಳಿದವರು ಸುತ್ತ ನಿಂತು ಕೂಗುತ್ತಾರೆ, ಕೋಳಿ ಅಂಕದ ಹಾಗೆ. ಹೊಸ ಕೋಚ್ ಸೋಲುವುದು ಹೆಚ್ಚಾಗಿ ಇಲ್ಲೇ. ಆಟ ಗೊತ್ತಿಲ್ಲ ಅನ್ನಿಸಿಕೊಳ್ಳಬಾರದೆಂಬ ಸಂಕೋಚಕ್ಕೆ, ಅದರಲ್ಲೂ ನಮ್ಮಂಥ ಹೊರಗಿನಿಂದ ಬಂದವರು, ಸರಿ ಅಂದುಬಿಡುತ್ತಾರೆ. ನಾನೂ ಮೊದಲ ವರ್ಷ ಅಂದಿದ್ದೆ. ಆ ಸಂಜೆ ಅತ್ತ ಹುಡುಗ ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ.

ನಿಮಗೆ ನಾನು ಎರಡು ಉತ್ತರ ಕಟ್ಟಿಕೊಡುತ್ತೇನೆ, ಜೇಬಿನಲ್ಲಿಟ್ಟುಕೊಳ್ಳಿ. ಒಂದು: ದೇಶದ ಅತಿ ಗಟ್ಟಿ ಗಂಡಸರು ಆಡುವ ವೃತ್ತಿಪರ ಲೀಗ್ ಎನ್ಎಫ್ಎಲ್ ತನ್ನ ತಂಡಗಳ ಅಭ್ಯಾಸದಲ್ಲಿ ಈ ಡ್ರಿಲ್ಲನ್ನು 2019ರಲ್ಲಿ ನಿಷೇಧಿಸಿತು. ಎರಡು: ಡಾರ್ಟ್‌ಮತ್ ಕಾಲೇಜಿನ ಕೋಚ್ ಬಡ್ಡಿ ಟೀವನ್ಸ್ 2010ರಿಂದ ಅಭ್ಯಾಸದಲ್ಲಿ ತಮ್ಮ ಆಟಗಾರರು ಒಬ್ಬರನ್ನೊಬ್ಬರು ಟ್ಯಾಕಲ್ ಮಾಡುವುದನ್ನೇ ನಿಲ್ಲಿಸಿದರು. ದಿಂಬಿಗೆ, ಆಮೇಲೆ ಓಡಾಡುವ ಯಂತ್ರದ ಬೊಂಬೆಗೆ ಟ್ಯಾಕಲ್ ಮಾಡಿಸಿದರು. ಕೆಲಸ ಹೋದೀತೆಂದು ಜನ ಹೇಳಿದ್ದರು. 2015ರಲ್ಲಿ ತಂಡ ಐವಿ ಲೀಗ್ (ಡಾರ್ಟ್‌ಮತ್ ಸೇರಿದಂತೆ ಹಳೆಯ ಹೆಸರಾಂತ ಕಾಲೇಜುಗಳ ಕೂಟ) ಪ್ರಶಸ್ತಿ ಹಂಚಿಕೊಂಡಿತು. 2016ರಲ್ಲಿ ಇಡೀ ಐವಿ ಲೀಗೇ ಋತುವಿನ ಅಭ್ಯಾಸದಿಂದ ಪೂರ್ತಿ ಟ್ಯಾಕಲ್ ತೆಗೆದುಹಾಕಿತು. ಇಷ್ಟು ಹೇಳಿದ ಮೇಲೂ ಆ ಅಪ್ಪ ಗೊಣಗಿದರೆ ಅವರನ್ನೇ ಸಹಾಯಕ ಕೋಚ್ ಮಾಡಿಕೊಳ್ಳಿ, ದಿಂಬು ಹಿಡಿದು ನಿಲ್ಲುವ ಕೆಲಸ ಕೊಡಿ. ಹುಡುಗಾಟಕ್ಕೆ ಹೇಳುತ್ತಿಲ್ಲ. ಅಂಥವರಲ್ಲಿ ಒಳ್ಳೆಯ ಕೋಚ್‌ಗಳು ಇರುತ್ತಾರೆ, ಕೆಲಸ ಇಲ್ಲದೆ ಬೇಲಿ ಹಿಡಿದಿರುತ್ತಾರೆ ಅಷ್ಟೇ.

ಆಟದ ತಂತ್ರದ ಬಗ್ಗೆ ನಿದ್ದೆಗೆಡಬೇಡಿ. 7 ವರ್ಷದವರ ಪಂದ್ಯ ಗೆಲ್ಲುವುದು, ಸೋಲುವುದು ಒಂದೇ ಜಾಗದಲ್ಲಿ: ಸಾಲಿನ ನಡುವೆ ನಿಲ್ಲುವ ಸೆಂಟರ್ ತನ್ನ ಕಾಲುಗಳ ನಡುವಿಂದ ಚೆಂಡನ್ನು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಕೈಗೆ ಕೊಡುವ ಆ ಕ್ಷಣದಲ್ಲಿ, ಅಂದರೆ ಸ್ನ್ಯಾಪ್‌ನಲ್ಲಿ. ಅರ್ಧಕ್ಕರ್ಧ ಆಟ ಅಲ್ಲೇ ಮುಗ್ಗರಿಸುತ್ತದೆ. ಎಲ್ಲರೂ ಚುರುಕು ಹುಡುಗನನ್ನು ಹುಡುಕಿ ಓಡಲು ಹಾಕುತ್ತಾರೆ. ನೀವು ಮೊದಲು ಗಾಬರಿಯಾಗದ ಹುಡುಗನನ್ನು ಹುಡುಕಿ ಸೆಂಟರ್ ಮಾಡಿ. ಪ್ರತಿ ಅಭ್ಯಾಸದಲ್ಲಿ ಐವತ್ತು ಸಲ ಸ್ನ್ಯಾಪ್. ಚೆಂಡು ಹಿಡಿಯುವುದನ್ನು ನಾನು ಕಲಿಸುತ್ತಿದ್ದದ್ದು ಜುಟ್ಟು ಬಿಟ್ಟು ಸುಲಿದ ತೆಂಗಿನಕಾಯಿಯ ಲೆಕ್ಕದಲ್ಲಿ: ಬೆರಳು ಜುಟ್ಟಿನ ಮೇಲೆ, ಇನ್ನೊಂದು ತುದಿ ಕಂಕುಳಿಗೆ, ಮುಂಗೈ ಅದರ ಮೈಗೆ, ಪಕ್ಕೆಲುಬಿಗೆ ಒತ್ತಿ. ಅಮೆರಿಕದ ಮಕ್ಕಳಿಗೆ ತೆಂಗಿನಕಾಯಿ ಸುಲಿದು ಗೊತ್ತಿಲ್ಲ, ಒಂದು ದಿನ ಇಂಡಿಯನ್ ಸ್ಟೋರಿನಿಂದ ತಂದು ತೋರಿಸಿದೆ. ವರ್ಷವಿಡೀ ನಮ್ಮ ತಂಡದಲ್ಲಿ ಚೆಂಡಿಗೆ ‘ಕೊಕೊನಟ್’ ಎಂದೇ ಹೆಸರಾಯಿತು.

ಆಟ ಐದಾರು ಸಾಕು: ನಡುವಿಗೆ ನುಗ್ಗುವುದೊಂದು, ಅಂಚಿನಿಂದ ಬಳಸಿ ಓಡುವುದೊಂದು, ಅದೇ ಎರಡು ಇನ್ನೊಂದು ಕಡೆಗೆ, ಒಂದು ಕಡೆ ಹೋಗುವಂತೆ ನಟಿಸಿ ಇನ್ನೊಂದು ಕಡೆ ತಿರುಗುವುದೊಂದು, ಖುಷಿಗೆ ಒಂದು ಪಾಸ್. ಅನೇಕರಿಗೆ ಎಡ ಬಲ ಇನ್ನೂ ಗಟ್ಟಿಯಾಗಿರುವುದಿಲ್ಲ. ಬಲಗೈಗೆ ಕೆಂಪು, ಎಡಗೈಗೆ ನೀಲಿ ಪಟ್ಟಿ ಕಟ್ಟಿ, ಆಟವನ್ನು ಬಣ್ಣದಿಂದ ಕರೆಯಿರಿ. ಡಿಫೆನ್ಸ್‌ನಲ್ಲಿ ಒಂದೇ ಪಾಠ. ಎಲ್ಲರೂ ಚೆಂಡಿನ ಹಿಂದೆ ಇರುವೆಯಂತೆ ಮುತ್ತುತ್ತಾರೆ, ಅಂಚು ಖಾಲಿಯಾಗುತ್ತದೆ, ಅವರ ಚುರುಕು ಹುಡುಗ ಅಲ್ಲಿಂದ ಓಡುತ್ತಾನೆ. ಎರಡೂ ತುದಿಯಲ್ಲಿ ಒಬ್ಬೊಬ್ಬರಿಗೆ ‘ನೀನು ಬೇಲಿ, ಯಾರನ್ನೂ ಹೊರಗೆ ಬಿಡಬೇಡ’ ಎಂದು ಹೇಳಿ. ಬೇಲಿಯಾಗಿರಲು ತಾಳ್ಮೆ ಬೇಕು. ಬೇಲಿಯವನು ಏನೂ ಮಾಡದೆ ನಿಂತು ಕೆಲಸ ಮಾಡಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಯಾಕೆಂದರೆ ಬೇರೆ ಯಾರೂ ಗಮನಿಸಿರುವುದಿಲ್ಲ.

ಸಾಲು ನಿಲ್ಲಿಸಬೇಡಿ. ಸಾಲಿನಲ್ಲಿ ನಿಂತ ಹುಡುಗ ಹುಲ್ಲು ಕೀಳುತ್ತಾನೆ, ಆಮೇಲೆ ಪಕ್ಕದವನನ್ನು ತಳ್ಳುತ್ತಾನೆ. ಹದಿನೆಂಟನ್ನು ಆರಾರು ಮಾಡಿ ಮೂರು ಕಡೆ ಹಂಚಿ, ಎಂಟು ನಿಮಿಷಕ್ಕೊಮ್ಮೆ ಬದಲಿಸಿ. ತಪ್ಪಿಗೆ ಮೈದಾನ ಸುತ್ತಿಸುವ ಶಿಕ್ಷೆ ಬೇಡ.

ಚೆಂಡು ಬೀಳಿಸಿ ಅಳುತ್ತಾ ಬರುವ ಹುಡುಗನಿಗೆ ನೀವು ಹೇಳುವ ಮೊದಲ ಮಾತು ಏನು ಎಂಬುದು ಇಷ್ಟೂ ಡ್ರಿಲ್‌ಗಳಿಗಿಂತ ಹೆಚ್ಚಿನದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಮಿತ್ ಮತ್ತು ಸ್ಮೋಲ್ ಎಂಬ ಮನಶ್ಶಾಸ್ತ್ರಜ್ಞರು ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ ಒಂದು ಚಿಕ್ಕ ತರಬೇತಿ ಕೊಟ್ಟು ನೋಡಿದರು. ಪಾಠದ ಸಾರ: ಚೆನ್ನಾಗಿ ಮಾಡಿದರೆ ತಕ್ಷಣ ಹೇಳಿ, ತಪ್ಪಾದರೆ ಮೊದಲು ಧೈರ್ಯ ಕೊಟ್ಟು ಆಮೇಲೆ ತಿದ್ದಿ, ಶಿಕ್ಷಿಸಬೇಡಿ. 1992ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಮಾಮೂಲಿ ಕೋಚ್‌ಗಳ ಮಕ್ಕಳಲ್ಲಿ 26 ಶೇಕಡ ಮುಂದಿನ ವರ್ಷ ಆಟ ಬಿಟ್ಟಿದ್ದರು, ತರಬೇತಿ ಪಡೆದವರ ಮಕ್ಕಳಲ್ಲಿ 5. ಗೆಲುವು ಸೋಲಿನ ಲೆಕ್ಕದಲ್ಲಿ ಎರಡೂ ಗುಂಪಿಗೆ ಹೆಚ್ಚು ವ್ಯತ್ಯಾಸವಿರಲಿಲ್ಲ. ನಿಮ್ಮ ಋತು ಹೇಗಾಯಿತೆಂದು ನವೆಂಬರ್‌ನಲ್ಲಿ ಸ್ಕೋರು ನೋಡಿ ತಿಳಿಯುವುದಿಲ್ಲ, ಮುಂದಿನ ವರ್ಷ ಎಷ್ಟು ಜನ ವಾಪಸ್ ಬಂದರೆಂದು ಎಣಿಸಿ.

ತಲೆಪೆಟ್ಟಿನ ವಿಚಾರಕ್ಕೆ ಮತ್ತೆ ಬರುತ್ತೇನೆ. 2006ರಲ್ಲಿ ವಾಷಿಂಗ್ಟನ್ ರಾಜ್ಯದ ಝಾಕರಿ ಲಿಸ್ಟೆಡ್ ಎಂಬ 13 ವರ್ಷದ ಹುಡುಗ ಪಂದ್ಯದಲ್ಲಿ ತಲೆ ಬಡಿಸಿಕೊಂಡು, ಸ್ವಲ್ಪ ಹೊತ್ತು ಕೂತು ಮತ್ತೆ ಆಡಲು ಹೋದ. ಪಂದ್ಯ ಮುಗಿದ ಮೇಲೆ ಕುಸಿದ. ಮಿದುಳಿನ ಶಸ್ತ್ರಚಿಕಿತ್ಸೆ, ಕೋಮಾ, ಮತ್ತೆ ನಡೆಯಲು ವರ್ಷಗಳೇ ಹಿಡಿದವು. 2009ರಲ್ಲಿ ಅವನ ಹೆಸರಿನಲ್ಲೇ ಕಾನೂನಾಯಿತು: ಅನುಮಾನ ಬಂದರೆ ಹೊರಗೆ, ವೈದ್ಯರು ಬರೆದುಕೊಡುವವರೆಗೆ ಒಳಗಿಲ್ಲ. 2014ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಇಂಥ ಕಾನೂನು ಬಂದವು. ಅನೇಕ ಕಾನೂನುಗಳನ್ನು ಶಾಲಾ ತಂಡಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು, ನಿಮ್ಮ ಲೀಗ್ ಏನು ಹೇಳುತ್ತದೆಂದು ಓದಿಕೊಳ್ಳಿ. ಏನೇ ಹೇಳಲಿ, ನೀವು ಇದನ್ನೇ ಪಾಲಿಸಿ. ಸಿಡಿಸಿಯ ಹೆಡ್ಸ್ ಅಪ್ ತರಬೇತಿ ಆನ್‌ಲೈನಿನಲ್ಲಿ ಉಚಿತ. ಈ ವಾರವೇ ಮುಗಿಸಿ, ಸಹಾಯಕರಿಂದಲೂ ಮಾಡಿಸಿ.

ಪುಸ್ತಕದಲ್ಲಿ ಸಿಗದ ಒಂದು ಮಾತು: 7 ವರ್ಷದ ಮಗು ‘ನನಗೆ ತಲೆಸುತ್ತು’ ಎನ್ನುವುದಿಲ್ಲ. ಹೊಟ್ಟೆನೋವು ಎನ್ನುತ್ತದೆ, ಅಮ್ಮ ಬೇಕು ಎನ್ನುತ್ತದೆ, ಕಾರಣವಿಲ್ಲದೆ ಸಿಟ್ಟಾಗುತ್ತದೆ, ತಪ್ಪು ಗುಂಪಿನಲ್ಲಿ ಹೋಗಿ ನಿಲ್ಲುತ್ತದೆ. ಹೆಚ್ಚಿನ ಕನ್ಕಷನ್‌ಗಳಲ್ಲಿ ಪ್ರಜ್ಞೆ ತಪ್ಪುವುದೇ ಇಲ್ಲ, ಆದ್ದರಿಂದ ಎದ್ದು ನಿಂತನಲ್ಲ ಎಂದು ಸಮಾಧಾನಪಡಬೇಡಿ. ಹೆಲ್ಮೆಟ್ ತಲೆಬುರುಡೆ ಉಳಿಸುತ್ತದೆ, ಒಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ಆದರೂ ಅಳತೆ ಸರಿಯಿರಲಿ. ಹುಬ್ಬಿನಿಂದ ಒಂದು ಅಂಗುಲ ಮೇಲೆ ಕೂರಬೇಕು. ಮುಖದ ಜಾಲರಿ ಹಿಡಿದು ಮೆಲ್ಲಗೆ ತಿರುಗಿಸಿದಾಗ ಹಣೆಯ ಚರ್ಮವೂ ಜತೆಗೆ ಎಳೆಯಬೇಕು. ಹೆಲ್ಮೆಟ್ ಮಾತ್ರ ತಿರುಗಿದರೆ ಅದು ದೊಡ್ಡದು. ‘ಮುಂದಿನ ವರ್ಷಕ್ಕೂ ಆಗಲಿ’ ಎಂದು ಒಂದು ಸೈಜು ದೊಡ್ಡದು ಕೊಳ್ಳುವ ನಮ್ಮ ಅಭ್ಯಾಸ ಶಾಲೆಯ ಸಮವಸ್ತ್ರಕ್ಕೆ ಸರಿ.

ತಲೆಯಷ್ಟೇ ಎಚ್ಚರ ಬಿಸಿಲಿಗೂ ಬೇಕು. ಟೆಕ್ಸಸ್‌ನ ಆಗಸ್ಟ್ ನಿಮಗೆ ಗೊತ್ತು. 2001ರ ಆಗಸ್ಟ್‌ನಲ್ಲಿ ಮಿನೆಸೋಟ ವೈಕಿಂಗ್ಸ್‌ನ ಕೋರಿ ಸ್ಟ್ರಿಂಗರ್, 27 ವರ್ಷದ ದೈತ್ಯ ವೃತ್ತಿ ಆಟಗಾರ, ಅಭ್ಯಾಸದ ಬಿಸಿಲಿಗೆ ತೀರಿಕೊಂಡರು. ಮೊದಲ ಕೆಲವು ದಿನ ಪ್ಯಾಡ್ ಬೇಡ, ಮೈ ಹೊಂದಿಕೊಳ್ಳಲಿ. ಹದಿನೈದು ನಿಮಿಷಕ್ಕೊಮ್ಮೆ ನೀರು, ಆಗ ಹೆಲ್ಮೆಟ್ ತೆಗೆಯಲೇಬೇಕು. ಮೈದಾನದಲ್ಲಿ ಮಗು ಮುಳುಗುವಷ್ಟು ದೊಡ್ಡ ಟಬ್, ನೀರು, ಐಸ್ ಇರಲಿ. ಬಿಸಿಲು ಬಡಿದು ಮಗು ತೊದಲಿದರೆ, ತೂರಾಡಿದರೆ ಆಂಬುಲೆನ್ಸ್‌ಗೆ ಕರೆ ಮಾಡಿಸಿ, ಅದು ಬರುವವರೆಗೆ ತಲೆಯೊಂದನ್ನು ಮೇಲೆ ಹಿಡಿದು ಮೈಯನ್ನು ತಣ್ಣೀರಿನಲ್ಲಿಡಿ. ಮೊದಲು ತಂಪು, ಆಮೇಲೆ ಆಸ್ಪತ್ರೆ.

ಕೆಲವು ಲೀಗ್‌ಗಳಲ್ಲಿ ತೂಕ ಮೀರಿದ ಹುಡುಗನ ಹೆಲ್ಮೆಟ್ಟಿಗೆ ಪಟ್ಟಿ ಅಂಟಿಸುತ್ತಾರೆ, ಅವನು ಚೆಂಡು ಹಿಡಿದು ಓಡುವಂತಿಲ್ಲ. ಅದನ್ನು ತಪ್ಪಿಸಲು ಮಗುವಿಗೆ ಊಟ ಕಡಿಮೆ ಮಾಡುವ ತಂದೆತಾಯಿಯನ್ನು ಕಂಡಿದ್ದೇನೆ. ನಿಮ್ಮ ತಂಡದಲ್ಲಿ ಆ ಮಾತು ಕಿವಿಗೆ ಬಿದ್ದ ದಿನವೇ ನಿಲ್ಲಿಸಿ. ಯಾವ ಮಗುವಿನ ಜತೆಗೂ ನೀವೊಬ್ಬರೇ ಇರಬೇಡಿ, ಇನ್ನೊಬ್ಬ ದೊಡ್ಡವರು ಕಣ್ಣಳತೆಯಲ್ಲಿರಲಿ. ಲೀಗ್ ಕೇಳುವ ಹಿನ್ನೆಲೆ ಪರಿಶೀಲನೆಗೆ ಬೇಸರಿಸಬೇಡಿ.

ನಿಮ್ಮ ಮಗನ ಬಗ್ಗೆ ನೀವು ಏನೂ ಕೇಳಿಲ್ಲ, ಆದರೂ ಹೇಳುತ್ತೇನೆ. ಕೋಚ್ ಮಗನೇ ಕ್ವಾರ್ಟರ್‌ಬ್ಯಾಕ್ ಆಗುವುದಕ್ಕೆ ಇಲ್ಲಿ ‘ಡ್ಯಾಡಿ ಬಾಲ್’ ಎಂಬ ಹೆಸರೇ ಇದೆ. ಮೊದಲ ವರ್ಷ ಅವನನ್ನು ಅಲ್ಲಿಂದ ದೂರವಿಡಿ. ಆದರೆ ಪಕ್ಷಪಾತ ಇಲ್ಲವೆಂದು ತೋರಿಸಲು ಅವನಿಗೇ ಹೆಚ್ಚು ಗದರುವ ಇನ್ನೊಂದು ತಪ್ಪು ನಮ್ಮವರಲ್ಲಿ ಜಾಸ್ತಿ. ಅದನ್ನೂ ಕನ್ನಡದಲ್ಲಿ, ಯಾರಿಗೂ ತಿಳಿಯುವುದಿಲ್ಲವೆಂದು. ದನಿ ಎಲ್ಲರಿಗೂ ತಿಳಿಯುತ್ತದೆ. ಮೈದಾನದಲ್ಲಿ ಅವನು ಹದಿನೆಂಟರಲ್ಲಿ ಒಬ್ಬ. ಮನೆಗೆ ಹೋಗುವಾಗ ಕಾರಿನಲ್ಲಿ ಆಟದ ಮಾತು ಅವನು ತೆಗೆದರೆ ಮಾತ್ರ.

ಮೊದಲ ದಿನಕ್ಕೆ ಒಂದು ಕೆಲಸ. ಅಗಲವಾದ ಬಿಳಿ ಟೇಪು, ದಪ್ಪ ಮಾರ್ಕರ್ ತಗೊಂಡು ಹೋಗಿ. ಹೆಲ್ಮೆಟ್ ಹಾಕಿದ ಮೇಲೆ ಎಲ್ಲ ಮಕ್ಕಳೂ ಒಂದೇ ಥರ ಕಾಣುತ್ತಾರೆ. ಪ್ರತಿಯೊಬ್ಬರ ಹಣೆಯ ಮೇಲೆ ಹೆಸರು ಬರೆದು ಅಂಟಿಸಿ. ನಿಮ್ಮ ಟೋಪಿಗೂ ಒಂದು ಅಂಟಿಸಿಕೊಳ್ಳಿ, ಆ ಬಾಯಿಗಳಿಗೆ ಹೊರಳುವಷ್ಟು ಚಿಕ್ಕ ಹೆಸರು. ನನ್ನದನ್ನು ಮೊದಲ ದಿನವೇ ಅರ್ಧಕ್ಕೆ ಕತ್ತರಿಸಿದ್ದರು. ಈಗ ಕಾಲೇಜಿಗೆ ಹೋಗುವ ಹುಡುಗರು ದಿನಸಿ ಅಂಗಡಿಯಲ್ಲಿ ಸಿಕ್ಕರೂ ಆ ಅರ್ಧ ಹೆಸರಿನಿಂದಲೇ ಕೂಗುತ್ತಾರೆ.